ತಡಸದವರೆಗೆ ಬಂದ ಸಮುದ್ರ

ಮೊನ್ನೆ ಹುಬ್ಬಳ್ಳಿಯಿಂದ ಹಾನಗಲ್ಲಿಗೆ ವಾಪಸಾಗುವಾಗ ತಡಸದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ನೆತ್ತಿ ಸುಡುವ ಬಿಸಿಲು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಕರಾವಳಿ ಕಡೆಯಿಂದ ಬಂದ ಬಸ್ಸೊಂದು ಮುಂದೆಯೇ ಬಂದು ನಿಂತಿತು. ನಿಂತದ್ದೇ ತಡ, ಒಣಮೀನಿನ ವಾಸನೆ ರಪ್ಪನೆ ಮುಖಕ್ಕೆ ಬಡಿಯಿತು. ಬಸ್ಸಿನ ಟಾಪಿನ ಮೇಲೆ ಯಾರೋ ಎರಡು ಚೀಲ ಹೇರಿದ್ದರು. ನನ್ನ ಪಕ್ಕದ ಹೆಂಗಸು "ಇಸ್ಸಿ, ಏನ್ ನಾತರೀ ಇದು!" ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನೂ ಒತ್ತಿಕೊಂಡೆ. ನಮ್ಮ ಮನೆಗಳಲ್ಲಿ ಮೀನಿನ ಹೆಸರೆತ್ತಿದರೂ ಹಿರಿಯರು ಬಾಯಿ ಮುಕ್ಕಳಿಸುತ್ತಾರೆ. ಆದರೆ ಸೆರಗಿನೊಳಗೇ ಎಲಿ ಕಾಕಾ ನೆನಪಾದರು.

ಸವಣೂರಿನಲ್ಲಿ ನನ್ನ ತವರುಮನೆಯ ಎದುರಿಗೇ ಅವರ ವೀಳ್ಯದೆಲೆ ಅಂಗಡಿ. ಅಂಗಡಿ ಅಂದರೆ ದೊಡ್ಡದೇನಲ್ಲ. ಎರಡು ಮನೆಗಳ ಗೋಡೆಗಳ ನಡುವೆ ಹೇಗೋ ತುರುಕಿದ ಒಂದು ಗೂಡು. ಎಡಕ್ಕೆ ಎಲೆಯ ಬುಟ್ಟಿಗಳು, ಬಲಕ್ಕೆ ನೀರಿನ ಬಕೆಟ್ಟು, ನಡುವೆ ಹಸಿ ಗೋಣಿತಟ್ಟಿನ ಮೇಲೆ ಕಾಕಾ. ಅವರು ಹೊರಗೆ ಬರಬೇಕೆಂದರೆ ಮುಂದಿನ ಹಲಗೆಯನ್ನು ಎತ್ತಿ, ಸೊಂಟ ಬಗ್ಗಿಸಿ, ಒಂದು ಕಾಲು ಮೊದಲು ಹೊರಗಿಟ್ಟು ಆಮೇಲೆ ತಲೆ ತರಬೇಕಿತ್ತು. ಬೆಳಿಗ್ಗೆ ಒಳಗೆ ಹೋದರೆ ಮಧ್ಯಾಹ್ನ ಊಟಕ್ಕೆ ಒಮ್ಮೆ, ಸಂಜೆ ದೀಪ ಹಚ್ಚಿ ಮನೆಗೆ ಹೋಗುವಾಗ ಇನ್ನೊಮ್ಮೆ. ಇಷ್ಟೇ ಅವರ ಓಡಾಟ. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳನ್ನು ಹಿರೇಕೆರೂರಿಗೆ ಕೊಟ್ಟಿತ್ತು.

ವೀಳ್ಯದೆಲೆಯ ವ್ಯಾಪಾರ ಎಂಥದೆಂದು ಎಲೆ ತಿಂದವರಿಗೆಲ್ಲ ಗೊತ್ತಿರುವುದಿಲ್ಲ. ದಿನಾ ಒಂದೊಂದು ಕಟ್ಟನ್ನೂ ಬಿಚ್ಚಬೇಕು, ಹಳದಿಯಾದದ್ದನ್ನು, ಕೊಳೆ ಹತ್ತಿದ್ದನ್ನು ಆರಿಸಿ ತೆಗೆಯಬೇಕು, ನೀರು ಚಿಮುಕಿಸಿ ಮಗ್ಗುಲು ಬದಲಿಸಿ ಮತ್ತೆ ಕಟ್ಟಬೇಕು. ಒಂದು ದಿನ ಬಿಟ್ಟರೆ ಮರುದಿನ ಬುಟ್ಟಿಯೊಳಗೆ ಕೈ ಹಾಕಲಿಕ್ಕಾಗುವುದಿಲ್ಲ. ಇನ್ನು ಊರು ಎಂದ ಮೇಲೆ ಒಂದಿಲ್ಲೊಂದು ಇದ್ದೇ ಇರುತ್ತದೆ. ಒಂದು ಮನೆಯಲ್ಲಿ ನಿಶ್ಚಿತಾರ್ಥ, ಇನ್ನೊಂದರಲ್ಲಿ ತೊಟ್ಟಿಲು, ಮತ್ತೊಂದರಲ್ಲಿ ಸಾವು. ಯಾವುದಕ್ಕೂ ಎಲೆ ಬೇಕು. "ಎಲಿ ಅಂದ್ರ ಹಸಿಗೂಸು ಇದ್ದಂಗವಾ, ಬಿಟ್ಟ ಎಲ್ಲಿ ಹೋಗ್ಲಿ?" ಎನ್ನುತ್ತಿದ್ದರು ಕಾಕಾ. ದೂರಿನ ದನಿಯಲ್ಲೇನೂ ಅಲ್ಲ. ಹಸಿಗೂಸಿನ ತಾಯಿ ಹೇಳುವ ಹಾಗೆಯೇ.

ಇಂಥ ಮನುಷ್ಯನ ಹತ್ತಿರ ನಮ್ಮ ಊರಿನವರು ಸಮುದ್ರದ ಸಮಾಚಾರ ಕೇಳಲು ಬರುತ್ತಿದ್ದರು!

ಹೌದು. ಸವಣೂರು, ಶಿಗ್ಗಾಂವಿ ಕಡೆಯ ಯಾರಾದರೂ ಕರಾವಳಿಗೆ ನಾಲ್ಕು ದಿನ ಇರಲು ಹೊರಟರೆ ಮೊದಲು ಕಾಕಾನ ಅಂಗಡಿಗೆ ಬರಬೇಕು. ಅದು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ನಾನು ಲಂಗ ತೊಡುವ ವಯಸ್ಸಿನಲ್ಲೇ ಅದು ಪದ್ಧತಿಯಾಗಿಬಿಟ್ಟಿತ್ತು. ಕಾಕಾ ಎಲೆ ಎಣಿಸುತ್ತಲೇ ಹೇಳುತ್ತಿದ್ದರು. ಮೆತ್ತನೆ ರೊಟ್ಟಿ ಒಯ್ಯಬೇಡಿ, ಕಡಕ್ ರೊಟ್ಟಿ ಒಯ್ಯಿರಿ, ಅದನ್ನೂ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ಅಲ್ಲಿಯ ಗಾಳಿಗೆ ಒಂದೇ ದಿನದಲ್ಲಿ ಅರಿವೆಯಂತಾಗುತ್ತದೆ. ಒಗೆದ ಬಟ್ಟೆ ರಾತ್ರಿ ಕಳೆದರೂ ಒಣಗುವುದಿಲ್ಲ, ಎರಡು ಜೊತೆ ಹೆಚ್ಚಿಗೆ ಇರಲಿ. ಪಡುವಣಕ್ಕೆ ಮುಖ ಮಾಡಿದ ರೂಮು ನೋಡಲು ಚಂದ, ಸಂಜೆಯ ಬಿಸಿಲಿಗೆ ಗೋಡೆ ಕಾದು ಮಲಗಲಾಗುವುದಿಲ್ಲ, ಹಿಂದಿನ ರೂಮು ಕೇಳಿ. ತೆಂಗಿನ ಮರದ ಬುಡದಲ್ಲಿ ಹಾಸಿಕೊಂಡು ಕೂಡಬೇಡಿ. ದಂಡೆಯ ಹತ್ತಿರದ ಬಾವಿಯ ನೀರು ಕುಡಿಯುವ ಮೊದಲು ಒಂದು ಗುಟುಕು ನಾಲಿಗೆಗೆ ಹಚ್ಚಿ ನೋಡಿ. ನೀರಿಗಿಳಿಯುವ ಮೊದಲು ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆಮೇಲೆ ಮರಳು ಸಲೀಸಾಗಿ ಬಿಡುತ್ತದೆ. ಹೆಣ್ಣುಮಕ್ಕಳು ನೆರಿಗೆ ಸೀರೆಯುಟ್ಟು ತೆರೆಗೆ ಹೋಗಬಾರದು, ಕಾಲಿಗೆ ಸುತ್ತುತ್ತದೆ. ತೆರೆಗೆ ಬೆನ್ನು ಕೊಟ್ಟು ನಿಲ್ಲಬಾರದು. ಅಲ್ಲಿಯ ಜನ ಎಲ್ಲಿ ಮೀಯುವುದಿಲ್ಲವೋ ಅಲ್ಲಿ ನೀವೂ ಇಳಿಯಬೇಡಿ. ನೀರು ನಾಲ್ಕಕ್ಕೆ ಏರುತ್ತದೆ, ಅದರೊಳಗೆ ಮೇಲೆ ಬನ್ನಿ. ರೂಮಿನ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಳ್ಳಿ...

ಇದಕ್ಕೆಲ್ಲ ಅವರು ಕೇಳುತ್ತಿದ್ದುದು ಒಂದೇ. ಹೋಗಿ ಬಂದ ಮೇಲೆ ಅಂಗಡಿಗೆ ಬಂದು ನೋಡಿದ್ದನ್ನು ಹೇಳಬೇಕು. "ಬಂದ ಹೇಳ್ರಿ ಮತ್ತ" ಎಂದು ಎರಡೆರಡು ಸಲ ಹೇಳಿ ಕಳಿಸುತ್ತಿದ್ದರು. ಬಂದವರು ಹೇಳಿದ್ದರಲ್ಲಿ ಹೊಸದಿದ್ದರೆ ಹಳೆಯ ಕ್ಯಾಲೆಂಡರಿನ ಚೀಟಿಯ ಹಿಂಬದಿಗೆ ಬರೆದು, ತಲೆಯ ಮೇಲೆ ತೂಗುತ್ತಿದ್ದ ತಂತಿಗೆ ಚುಚ್ಚುತ್ತಿದ್ದರು. ಆ ತಂತಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು.

ಕಾಕಾ ತಮ್ಮ ಹರೆಯದಲ್ಲಿ ಕರಾವಳಿಯಲ್ಲಿ ಇದ್ದು ಬಂದವರೆಂದೇ ನಾವೆಲ್ಲ ತಿಳಿದಿದ್ದೆವು. ಯಾರೂ ಕೇಳಿರಲಿಲ್ಲ. ಅಷ್ಟು ಖಾತ್ರಿಯಾಗಿ ಹೇಳುವವರನ್ನು ಯಾಕೆ ಕೇಳಬೇಕು?

ನನಗೆ ಮದುವೆಯಾಗಿ ಹಾನಗಲ್ಲಿಗೆ ಬಂದ ಎರಡನೆಯ ತಿಂಗಳಿಗೆ ನಾವೂ ಸಮುದ್ರಕ್ಕೆ ಹೊರಟೆವು. ನಾವು ಅಂದರೆ ಗಂಡ-ಹೆಂಡತಿ ಇಬ್ಬರೇ ಅಂದುಕೊಳ್ಳಬೇಡಿ. ಅತ್ತೆ, ನಾದಿನಿ, ನಾದಿನಿಯ ಐದು ವರ್ಷದ ಮಗಳು, ಎಲ್ಲರೂ ಒಂದೇ ಗಾಡಿಯಲ್ಲಿ, ಅಲ್ಲಿ ಹೋದ ಮೇಲೆ ಒಂದೇ ರೂಮಿನಲ್ಲಿ. ಹೊಸ ಸೊಸೆ ನಾನು, ಉಸಿರು ಬಿಡಬೇಕಾದರೂ ಅತ್ತ ಇತ್ತ ನೋಡಿ ಬಿಡುವ ಹಾಗಿತ್ತು. ನನ್ನ ಹತ್ತಿರ ಇದ್ದ ದೊಡ್ಡಸ್ತಿಕೆ ಎಂದರೆ ಕಾಕಾನ ಮಾತುಗಳು ಮಾತ್ರ. ರೊಟ್ಟಿ ಮೆತ್ತಗಾಗಲಿಲ್ಲ, ಹಿಂದಿನ ರೂಮು ತಂಪಾಗಿತ್ತು. ಅತ್ತೆ ಕೂಡ "ಹುಡುಗಿಗೆ ತಿಳುವಳಿಕಿ ಐತಿ" ಅಂದರು. ಅಯ್ಯೋ, ನನ್ನನ್ನು ಹಿಡಿಯುವವರಿಲ್ಲ!

ಎರಡನೆಯ ದಿನ ಒಣ ಮರಳಿನ ಮೇಲೆ ನಡೆದುಕೊಂಡು ಹೋಗಿ ಒಂದು ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಒಂದೂವರೆಯ ಹೊತ್ತಿಗೆ ನನ್ನ ಗಂಡ ಹಿಂದೆ ತಿರುಗಿ ನೋಡಿ, ನೀರು ಹತ್ತಿರ ಬರಾಕತ್ತೈತಿ, ಏಳೋಣ ಅಂದರು. ನಾನು ಬಿಟ್ಟೇನೇ? ಕಾಕಾ ಹೇಳಿದ್ದರಲ್ಲ, ನೀರು ಏರುವುದು ನಾಲ್ಕಕ್ಕೆ. "ನಾಕಕ್ಕ ಏರೂದುರಿ ಅದು. ಇನ್ನೂ ಎರಡೂವರಿ ತಾಸು ಐತಿ, ಕುಂತ್ಕೋರಿ" ಎಂದು ಇನ್ನೊಂದು ರೊಟ್ಟಿ ಬಡಿಸಿದೆ.

ಎರಡಕ್ಕೆ ನಾವು ಬಂದ ದಾರಿ ಇರಲಿಲ್ಲ. ಬಂಡೆಯ ಸುತ್ತ ನಾಲ್ಕೂ ಕಡೆ ನೀರು. ಎರಡೂವರೆಗೆ ಅದು ನಮ್ಮ ಚಪ್ಪಲಿಗಳನ್ನು ಒಯ್ದಿತು, ಆಮೇಲೆ ಬುತ್ತಿಯ ಡಬ್ಬಿಯನ್ನು. ಐದೂ ಜನ ಬಂಡೆಯ ತುದಿಗೆ ಸರಿದು ಒಬ್ಬರನ್ನೊಬ್ಬರು ಹಿಡಿದು ನಿಂತೆವು. ಕಾಲಿಡಲು ಅಂಗೈಯಗಲ ಜಾಗ. ನಾದಿನಿಯ ಮಗಳು ಮೊದಲು ಅತ್ತಳು, ಆಮೇಲೆ ಅಳುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಕೂಗಿದರೆ ತೆರೆಯ ಸದ್ದಿಗೆ ನಮ್ಮ ಕೂಗು ನಮಗೇ ಕೇಳುತ್ತಿರಲಿಲ್ಲ. ಕೊನೆಗೆ ಬಲೆ ಹೊತ್ತು ಹೊರಟಿದ್ದ ಇಬ್ಬರು ನಮ್ಮನ್ನು ಕಂಡು ದೋಣಿ ತಂದರು. ಮಗುವನ್ನು ಹೆಗಲಿಗೇರಿಸಿಕೊಂಡವನು ದಡಕ್ಕೆ ಬಂದ ಮೇಲೆ ನನಗೆ ಹೇಳಿದ: "ನೀರು ದಿನಾ ಒಂದೇ ಹೊತ್ತಿಗೆ ಬರೂದಿಲ್ಲ ಅಮ್ಮಾ. ದಿನಕ್ಕೆ ಮುಕ್ಕಾಲು ತಾಸು ತಡ ಆಗ್ತಾ ಹೋಗ್ತದೆ. ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ."

ವಾಪಸು ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತು ಅಂದರು, "ನಿಮ್ಮೂರವ್ರ ಮಾತು ಕೇಳಿ ಕೂಸಿನ ಕಳಕೋತಿದ್ವಿ." ಅಂದಿನಿಂದ ವಾರಗಟ್ಟಲೆ ತವರಿಗೆ ಕಳಿಸಿ ಎಂದು ಕೇಳುತ್ತಲೇ ಇದ್ದೆ. ತವರಿಗೆ ಹೋಗಲು ಅಪ್ಪಣೆ ಸಿಕ್ಕಿದ್ದೇ ತಡ, ಸವಣೂರಿಗೆ ಬಂದವಳು ನಮ್ಮ ಮನೆಯ ಹೊಸ್ತಿಲನ್ನೂ ದಾಟದೆ ನೇರ ಕಾಕಾನ ಅಂಗಡಿಯ ಮುಂದೆ ನಿಂತೆ. ಸಂತೆಯ ದಿನ. ಐದಾರು ಜನ ಎಲೆಗಾಗಿ ನಿಂತಿದ್ದರು.

"ಬಾರವಾ, ಹೋಗಿ ಬಂದ್ಯಾ? ಹೇಳು ಮತ್ತ" ಎಂದು ಕಾಕಾ ಒಂದು ಖಾಲಿ ಚೀಟಿ ತೆಗೆದರು.

"ಕಾಕಾ, ನೀವು ಯಾವಾಗರ ಸಮುದ್ರ ನೋಡೀರೇನ್ರಿ?"

ಅವರು ಚೀಟಿಯನ್ನು ಹಲಗೆಯ ಮೇಲಿಟ್ಟರು. "ಇಲ್ಲವಾ" ಅಂದರು.

"ಮತ್ತ ನಾಕಕ್ಕ ನೀರು ಏರತೈತಿ ಅಂತ ಹೆಂಗ ಹೇಳಿದ್ರಿ?"

"ಒಬ್ರು ಬಂದು ಹೇಳಿದ್ರು, ನಾಕಕ್ಕ ಮೆಟ್ಟಲ ಮಟಾ ಬಂತು ಅಂತ... ನಮ್ಮ ನಳದ ನೀರಿಗೆ ಪಾಳಿ ಇರತೈತಲ್ಲವಾ, ಹೇಳಿದ ಹೊತ್ತಿಗೇ ಬಿಡ್ತಾರ. ಅದಕ್ಕೂ ಹಂಗ ಇರತೈತಿ ಅಂದ್ಕೊಂಡೆ."

ನಿಂತಿದ್ದವರು ನಕ್ಕರು. ಒಬ್ಬ, ಸಮುದ್ರಕ್ಕೂ ನೀರು ಬಿಡುವ ವಾಲ್‌ಮನ್ ಇದ್ದಾನೇನು ಎಂದು ಕೇಳಿ ಮತ್ತೂ ನಗಿಸಿದ. ನಾನು ನಗಲಿಲ್ಲ. ಆದರೆ ಸುಮ್ಮನೂ ಆಗಲಿಲ್ಲ. ನೋಡದೆ ಇರುವುದನ್ನು ಹೇಳಿ ಮಂದಿಯ ಜೀವ ತೆಗೆಯುತ್ತೀರಾ, ಗೂಡಿನೊಳಗೆ ಕೂತವರಿಗೆ ಯಾಕೆ ಬೇಕು ಈ ಉಸಾಬರಿ ಎಂದೆಲ್ಲ ಅಂದೆ. ಬಂಡೆಯ ಮೇಲೆ ಗಂಡನನ್ನು ತಡೆದು ಕೂರಿಸಿದವಳು ನಾನು ಎಂಬುದನ್ನು ಮಾತ್ರ ಹೇಳಲಿಲ್ಲ. ಕಾಕಾ ಆ ಖಾಲಿ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮುಂದಿನವನಿಗೆ ಎಲೆ ಎಣಿಸತೊಡಗಿದರು.

ಮುಂದಿನ ಸಲ ಹೋದಾಗ ತಂತಿ ಇರಲಿಲ್ಲ. ಅವ್ವ ಹೇಳಿದಳು, ಈಗ ಯಾರಾದರೂ ಸಮುದ್ರಕ್ಕೆ ಹೊರಟಿದ್ದೇವೆ ಅಂದರೆ "ಹೋಗಿ ಬರ್ರಿ" ಅನ್ನುತ್ತಾರೆ, ಅಷ್ಟೇ. ಬಂದು ಹೇಳಿ ಅನ್ನುವುದಿಲ್ಲ. "ಆ ಮನಿಷಾಗ ಇದ್ದದ್ದ ಅದೊಂದ ಕಿಟಕಿ, ಅದನ್ನೂ ಮುಚ್ಚಿದೆಲ್ಲಾ" ಅಂದಳು ಅವ್ವ. ನನ್ನ ಅವ್ವ ನನಗೆ ಅಷ್ಟು ಕಟುವಾಗಿ ಅಂದದ್ದು ಅದೊಂದೇ ಸಲ. ನಾನು ಅತ್ತುಬಿಟ್ಟೆ. ಅತ್ತು, ಹೇಗಾದರೂ ಮಾಡಿ ಕಾಕಾನಿಗೆ ಸಮುದ್ರ ತೋರಿಸಲೇಬೇಕು ಎಂದು ಹಟ ಹಿಡಿದೆ. ನನಗೆ ಹಟ ಬಂದರೆ ಎದುರಿಗಿದ್ದವರ ಗತಿ ಮುಗಿದಂತೆ.

ಆಗ ನಾನು ಶಾಲೆಯಲ್ಲಿ ಕಲಿಸಲು ಸೇರಿದ್ದೆ. ಬೇಸಿಗೆಯ ರಜೆಯಲ್ಲಿ ಸವಣೂರಿಗೆ ಬಂದು, ಮೂರು ದಿನ ನಾನು ಅಂಗಡಿಯಲ್ಲಿ ಕೂಡುತ್ತೇನೆ, ನೀವು ಹೋಗಿ ಬನ್ನಿ ಎಂದು ಗಂಟುಬಿದ್ದೆ. ಮೊದಲು ಒಲ್ಲೆ ಎಂದರು. ನಾಲ್ಕು ದಿನ ಬೆನ್ನು ಬಿಡದೆ ಕಾಡಿದ ಮೇಲೆ "ಎಲಿ ಮಗ್ಗಲಾ ಮಾಡಾಕ ಬರತೈತೇನು ನಿನಗ?" ಎಂದು ಕೇಳಿದರು. ಕೇಳಿದರೆಂದರೆ ಒಪ್ಪಿದರು ಎಂದೇ ಲೆಕ್ಕ. ಹಲಗೆ ಎತ್ತಿ ಬಗ್ಗಿ ಒಳಗೆ ಹೋದೆ. ಹಸಿ ತಟ್ಟು, ಸೆಕೆ, ಎರಡೂ ಭುಜಕ್ಕೆ ತಾಗುವ ಗೋಡೆ. ಅರ್ಧ ತಾಸಿಗೇ ಕಾಲು ಜೋಮು ಹಿಡಿಯಿತು. ಇದರಲ್ಲಿ ಈ ಮನುಷ್ಯ ನಲವತ್ತು ವರ್ಷ ಹೇಗೆ ಕೂತರು? ಅವರು ಹೊರಗೆ ನಿಂತು ಕಲಿಸಿದರು. ಶುಭಕ್ಕೆ ಕೊಡುವ ಎಲೆಗೆ ತುದಿ ಮುರಿದಿರಬಾರದು, ತೊಟ್ಟು ಇರಬೇಕು, ಜೋಡಿ ಸರಿಯಿರಬೇಕು. ಮದುವೆಗೆ ಇದು, ತೊಟ್ಟಿಲಿಗೆ ಇದು, ಉಡಿ ತುಂಬಲಿಕ್ಕೆ ಇದು. ಸಾವಿನ ಮನೆಗೆ ಯಾವುದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಬ್ಬರು ಊರಿಗೆ ಹೊರಟಿರುವಾಗ ಸಾವಿನ ಮಾತು ಎತ್ತುವವರು ನಮ್ಮಲ್ಲಿ ಇಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಹೊರಟರು. ಬಿಳಿ ಧೋತರ, ಕೈಯಲ್ಲಿ ಒಂದು ಚೀಲ. ಅದರಲ್ಲಿ ಸ್ಟೀಲ್ ಡಬ್ಬಿಯ ಕಡಕ್ ರೊಟ್ಟಿ, ಕೊಬ್ಬರಿ ಎಣ್ಣೆಯ ಬಾಟಲಿ, ಎರಡು ಜೊತೆ ಹೆಚ್ಚಿನ ಬಟ್ಟೆ. ಎಲ್ಲ ಅವರೇ ಹೇಳುತ್ತಿದ್ದ ಪ್ರಕಾರ. ಶಿಗ್ಗಾಂವಿಯ ಮೇಲೆ ತಡಸಕ್ಕೆ ಹೋಗಿ, ಅಲ್ಲಿ ಕರಾವಳಿಯ ಬಸ್ಸು ಹಿಡಿಯಬೇಕು. ಓಣಿಯ ತುದಿಯಲ್ಲಿ ತಿರುಗಿ ನೋಡಿ, "ಬಂದ ಹೇಳ್ತೇನಿ" ಅಂದರು. ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು.

ಹತ್ತೂವರೆಯ ಹೊತ್ತಿಗೆ ಒಬ್ಬ ಗಾಬರಿಯಿಂದ ಬಂದ. ಹಿಂದಿನ ಓಣಿಯ ಹಿರಿಯರೊಬ್ಬರು ಹೋಗಿಬಿಟ್ಟಿದ್ದರು, ಎಲೆ ಬೇಕಿತ್ತು. ನಮ್ಮಲ್ಲಿ ಸತ್ತವರ ಬಾಯಿಗೂ ಒಂದು ಎಲೆ ಇಟ್ಟೇ ಕಳಿಸುತ್ತಾರೆ. ಯಾವುದು ಕೊಡಲಿ? ತುದಿ ಇದ್ದದ್ದು ಶುಭಕ್ಕೆ, ಹಾಗಾದರೆ ಇದಕ್ಕೆ ತುದಿ ಇಲ್ಲದ್ದೇ? ಬಂದವನು "ಯಾವ್ದರ ಕೊಡ್ರಿ ಅಕ್ಕಾರ" ಅಂದ. ಕೊಟ್ಟುಬಿಡಬೇಕಿತ್ತು. ಸರಿಯಾಗಿಯೇ ಮಾಡಬೇಕು ಎನ್ನುವ ನನ್ನ ಹಾಳು ಹಟ! ಮೊಬೈಲು ತೆಗೆದು ಕಾಕಾನಿಗೆ ಫೋನು ಹಚ್ಚಿದೆ.

"ಯಾರ ಮನ್ಯಾಗವಾ?" ಎಂದರು ಆ ಕಡೆಯಿಂದ. ಹೆಸರು ಹೇಳಿದೆ. ಹಿಂದೆ ಬಸ್ಸುಗಳ ಸದ್ದು ಕೇಳುತ್ತಿತ್ತು. "ತಡಸದಾಗ ನಿಂತೇನಿ. ಬಸ್ಸು ಇನ್ನ ಬಂದಿಲ್ಲ... ನಾ ಬರ್ತೇನಿ ತಡಿ."

ಬೇಡ ಕಾಕಾ, ಎಲೆ ಯಾವುದೆಂದು ಹೇಳಿ ಸಾಕು ಎಂದು ಕೂಗಿದೆ. ಫೋನು ಕಟ್ಟಾಗಿತ್ತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಎಲೆ ನಾವೇ ತಲುಪಿಸುತ್ತೇವೆ ಎಂದು ಬಂದವನನ್ನು ಕಳಿಸಿದೆ.

ಒಂದಕ್ಕೆ ಬಂದರು. ಧೋತರದ ಮಡಿಕೆ ಕೂಡ ಮುರಿದಿರಲಿಲ್ಲ. ಹಲಗೆ ಎತ್ತಿದರು, ನಾನು ಹೊರಗೆ ಬಂದೆ, ಅವರು ಬಗ್ಗಿ ಒಳಗೆ ಹೋದರು. ಇಡೀ ಬುಟ್ಟಿ ಹುಡುಕಿ ಎಲ್ಲಕ್ಕಿಂತ ಚೆಂದದ ಎಲೆಗಳನ್ನು, ತೊಟ್ಟು ತುದಿ ಎರಡೂ ಇದ್ದವನ್ನು, ಆರಿಸಿದರು. "ಸತ್ತವ್ರಿಗೆ ಎಲ್ಲಾಕಿಂತ ಚಲೋದ ಕೊಡಬೇಕವಾ. ಎಲಿ ಹೆಂಗಿತ್ತು ಅಂತ ಅವ್ರು ತಿರುಗಿ ಬಂದ ಹೇಳೂದಿಲ್ಲ" ಅಂದರು.

ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಆ ತಟ್ಟಿನ ಮೇಲೆ ಮತ್ತೆ ಕೂತಾಗ ಅವರ ಮುಖದಲ್ಲಿ ನನಗೆ ಬೇಸರ ಕಾಣಲಿಲ್ಲ. ಹಗುರವಾದಂತೆ ಕಂಡಿತು. ಮನೆ ತಲುಪಿದವರ ಮುಖ ಅದು. ನನಗೆ ಸಿಟ್ಟು ಬಂತು, ಆಮೇಲೆ ಸಂಕಟವಾಯಿತು. ಗೂಡಿನ ಅಗಳಿ ಹೊರಗಿನಿಂದ ಮಾತ್ರ ಹಾಕಿದ್ದಲ್ಲ, ಒಳಗಿನಿಂದಲೂ ಹಾಕಿಕೊಂಡದ್ದು ಎಂದು ಗೊತ್ತಾಯಿತು. ಆದರೂ ನಾನು ಫೋನು ಹಚ್ಚದಿದ್ದರೆ ಇನ್ನೊಂದು ಅರ್ಧ ತಾಸಿಗೆ ಬಸ್ಸು ಬರುತ್ತಿತ್ತು. ಹತ್ತಿಬಿಡುತ್ತಿದ್ದರು...

ಸಾವಿನ ಮನೆಗೆ ಎಲೆ ಕೊಟ್ಟು ಬಂದ ಮೇಲೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಕಾಕಾ ಮೆಲ್ಲಗೆ ಕೇಳಿದರು.

"ಅಲ್ಲವಾ, ತಡಸದಾಗ ನಿಂತಾಗ ಆ ಕಡಿಂದ ಒಂದು ಬಸ್ಸು ಬಂತು. ಟಾಪಿನ ಮ್ಯಾಲಿಂದ ಒಂದ್ ನಮೂನಿ ವಾಸನಿ... ಉಪ್ಪುಪ್ಪು, ಹಸಿಹಸಿ. ಮಂದಿ ಎಲ್ಲಾ ಮೂಗು ಮುಚ್ಕೊಂಡ್ರು. ನಾ ಮುಚ್ಕೊಳ್ಳಿಲ್ಲ. ಸಮುದ್ರದ ವಾಸನಿ ಅದನೇನು?"

ಅದು ಒಣಮೀನಿನ ವಾಸನೆ ಎಂದು ನನಗೆ ಕೇಳುವಾಗಲೇ ಗೊತ್ತಾಗಿತ್ತು. ಸಮುದ್ರದ ವಾಸನೆ ಹಾಗಿರುವುದಿಲ್ಲ. ಸಂತೆಯ ಜನರೆದುರು ಒಮ್ಮೆ ನಿಜ ಕೇಳಿ ಅವರನ್ನು ಏನು ಮಾಡಿದ್ದೆ ಎಂಬುದೂ ನೆನಪಿತ್ತು.

"ಹೌದ್ರಿ ಕಾಕಾ, ಅದ" ಅಂದೆ.

ತಲೆಯಾಡಿಸಿದರು. ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ನನ್ನ ಕೈಗೆ ಕೊಟ್ಟರು. ಮರುವರ್ಷ ಮತ್ತೆ ಹೋಗಿ ಬನ್ನಿ ಎಂದು ಕೇಳಿದೆ. "ಅರ್ಧಾ ಹೋಗಿ ಬಂದೇನಲ್ಲವಾ, ಸಾಕು" ಎಂದು ನಕ್ಕುಬಿಟ್ಟರು. ಅದಾದ ಮೇಲೆ ನನ್ನ ಸಂಸಾರ, ಶಾಲೆ, ಮಕ್ಕಳು. ನಾನೂ ಸಮುದ್ರದ ಕಡೆಗೆ ಮತ್ತೆ ತಲೆ ಹಾಕಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಅವ್ವ ಫೋನು ಮಾಡಿದಳು. ಕಾಕಾ ರಾತ್ರಿ ಮಲಗಿದವರು ಎದ್ದಿರಲಿಲ್ಲ. ಸವಣೂರಿಗೆ ಓಡಿದೆ. ಎಲ್ಲ ತಯಾರಿ ನಡೆದಿತ್ತು, ಎಲೆ ಮಾತ್ರ ಬಂದಿರಲಿಲ್ಲ. ಯಾರೋ ಬೇರೆ ಅಂಗಡಿಗೆ ಹೊರಟಿದ್ದರು. ತಡೆದು, ಅವರ ಮಗಳಿಂದ ಕೀಲಿ ಇಸಿದುಕೊಂಡು, ಹಲಗೆ ಎತ್ತಿ ಬಗ್ಗಿ ಒಳಗೆ ಹೋದೆ. ಬುಟ್ಟಿಗಳಲ್ಲಿ ಹಿಂದಿನ ದಿನವೇ ಮಗ್ಗುಲು ಬದಲಿಸಿಟ್ಟ ಎಲೆಗಳಿದ್ದವು, ತಟ್ಟು ಇನ್ನೂ ಹಸಿಯಿತ್ತು. ಕಣ್ಣು ಮಂಜಾಗಿ ಎಲೆ ಕಾಣುತ್ತಿರಲಿಲ್ಲ. ಬೆರಳಿನಿಂದ ತುದಿ, ತೊಟ್ಟು ಮುಟ್ಟಿ ಮುಟ್ಟಿ ನೋಡಿ ಎಲ್ಲಕ್ಕಿಂತ ಚಲೋದನ್ನು ಆರಿಸಿದೆ.

ತಲೆ ಎತ್ತಿದಾಗ ತಂತಿ ಕಂಡಿತು. ಮತ್ತೆ ತೂಗುಹಾಕಿದ್ದರು! ಅವ್ವ ಆಮೇಲೆ ಹೇಳಿದಳು, ತಡಸದಿಂದ ಬಂದ ಮೇಲೆ ಕಾಕಾ ಮತ್ತೆ ಎಲ್ಲರಿಗೂ ಹೇಳತೊಡಗಿದ್ದರಂತೆ. ನೀರು ಏರುವ ಹೊತ್ತನ್ನು ಮಾತ್ರ ಅಲ್ಲಿ ಬಲೆ ಹಿಡಿದವರನ್ನೇ ಕೇಳಿ ಎನ್ನುತ್ತಿದ್ದರಂತೆ. ಮಗಳು ಆ ತಂತಿಯನ್ನು ನನಗೇ ಕೊಟ್ಟಳು. ಎಲ್ಲ ಚೀಟಿಗಳ ಕೆಳಗೂ ಹೇಳಿದವರ ಹೆಸರಿತ್ತು. ಒಂದರ ಕೆಳಗೆ ಮಾತ್ರ ಹೆಸರಿರಲಿಲ್ಲ. ಮಡಿಕೆ ಬಿದ್ದ ಚೀಟಿ ಅದು. ಅದರಲ್ಲಿ ಹೀಗೆ ಬರೆದಿದ್ದರು: "ಸಮುದ್ರಕ್ಕ ಹೋಗೂದು ಆಗದವರು ತಡಸಕ್ಕ ಹೋಗಿ ನಿಂದರಬೇಕು. ಆ ಕಡೆಯಿಂದ ಬಂದ ಬಸ್ಸಿಗೆ ಸಮುದ್ರದ ವಾಸನಿ ಇರತೈತಿ. ಮೂಗು ಮುಚ್ಚಬಾರದು. ಇದು ನಾನು ಖುದ್ದು ಕಂಡದ್ದು."

ಈಗ ಆ ಗೂಡಿನಲ್ಲಿ ಮೊಬೈಲು ರಿಪೇರಿಯ ಅಂಗಡಿಯಿದೆ. ಹಲಗೆ ಕಿತ್ತು ಗಾಜು ಹಾಕಿದ್ದಾರೆ.

ಮೊನ್ನೆ ತಡಸದಲ್ಲಿ ಆ ಬಸ್ಸು ನಾಲ್ಕೈದು ನಿಮಿಷ ನಿಂತಿತ್ತು. ಪಕ್ಕದ ಹೆಂಗಸು ಸೆರಗಿನ ಒಳಗಿನಿಂದಲೇ ಬೈಯುತ್ತಿದ್ದಳು. ನಾನು ಮೂಗಿನಿಂದ ಸೆರಗು ತೆಗೆದೆ. "ಅಯ್ಯ, ಹೆಂಗ ತಾಳ್ಕೊಂತೀರಿ ನೀವು?" ಎಂದು ಅವಳು ಕೇಳಿದಳು.

"ಸಮುದ್ರದ್ದರೀ ಅದು" ಅಂದೆ.